ನಾಲ್ಕನೇ ಬಟನ್ ಒತ್ತದ ನಾಲ್ಕು ತಿಂಗಳು

ಹಡಗಿನ ಧಾರಾವಾಹಿ ನಿಂತದ್ದು ನನ್ನಿಂದ. ಜನರಿಗೆ ಟಿವಿ ಬೇಡವಾಯಿತು, ಎಲ್ಲರ ಕೈಗೂ ಮೊಬೈಲ್ ಬಂತು, ಅಷ್ಟು ದೊಡ್ಡ ಕಥೆಯನ್ನು ದಿನಾ ತೋರಿಸುವುದು ಚಾನೆಲ್ಲಿನವರಿಗೆ ಗಿಟ್ಟಲಿಲ್ಲ ಎಂದು ಮನೆಯವರು ಏನೇನೋ ಹೇಳುತ್ತಾರೆ. ಅದೂ ಇರಬಹುದು. ಆದರೆ ನಮ್ಮ ಮನೆಯ ಮಟ್ಟಿಗೆ ಅದನ್ನು ನಿಲ್ಲಿಸಿದವಳು ನಾನು. ಅದೂ ಸುಳ್ಳು ಹೇಳಬಾರದು ಎಂದು ಹಟ ಹಿಡಿದು.

ನಮ್ಮ ಟಿವಿಯ ಪಕ್ಕದಲ್ಲಿ ಒಂದು ಪೆಟ್ಟಿಗೆ ಇತ್ತು. ಯಾರ ಮನೆಯಲ್ಲಿ ಯಾರು ಏನು ನೋಡುತ್ತಾರೆ ಎಂದು ತಿಳಿದುಕೊಳ್ಳುವವರು ಬಂದು ಹಚ್ಚಿ ಹೋಗಿದ್ದರು. ಅರ್ಧ ಇಟ್ಟಿಗೆಯಷ್ಟು ದೊಡ್ಡದು. ಅದಕ್ಕೆ ಬೇರೆಯೇ ಒಂದು ಸಣ್ಣ ರಿಮೋಟ್. ಮಗ ಒಂದನೇ ನಂಬರು, ಸೊಸೆ ಎರಡು, ಮೊಮ್ಮಗಳು ಮೂರು, ನಾನು ನಾಲ್ಕು. ಮನೆಗೆ ಬಂದವರಿಗೆ ಇನ್ನೊಂದು ಬಟನ್. ಟಿವಿ ನೋಡಲು ಕೂತಾಗ ನಮ್ಮ ನಂಬರು ಒತ್ತಬೇಕು, ಎದ್ದು ಹೋಗುವಾಗ ಮತ್ತೆ ಒತ್ತಬೇಕು. ಟಿವಿ ಚಾಲೂ ಮಾಡಿ ಯಾರೂ ಒತ್ತದಿದ್ದರೆ ಪೆಟ್ಟಿಗೆಯ ಕೆಂಪು ದೀಪ ಮಿಟುಕುತ್ತಲೇ ಇರುತ್ತದೆ. ಪೆಟ್ಟಿಗೆ ಇರುವುದನ್ನು ಹೊರಗೆ ಹೇಳಬೇಡಿ ಅಂದಿದ್ದರು. ಈಗ ಅದನ್ನು ಒಯ್ದಿದ್ದಾರೆ, ಅದಕ್ಕೇ ಹೇಳುತ್ತಿದ್ದೇನೆ.

ಹಡಗು ಎಂದರೆ ನೀರಿನ ಹಡಗಲ್ಲ, ಆಕಾಶದ್ದು. ಯಾವುದೋ ದೇಶದವರು ಮಾಡಿದ ಕಥೆಗೆ ಕನ್ನಡದ ಮಾತು ಕೂಡಿಸಿ ಸಂಜೆ ಏಳಕ್ಕೆ ಹಾಕುತ್ತಿದ್ದರು. ಭೂಮಿ ಇರಲು ಯೋಗ್ಯವಿಲ್ಲದಂತಾಗಿ ಒಂದೂರಿನಷ್ಟು ಜನ ಹಡಗು ಹತ್ತಿ ಹೊರಟಿದ್ದಾರೆ. ಹೊಸ ನೆಲ ಸಿಗಲು ಮೂರು ತಲೆಮಾರು ಬೇಕು. ಹೊರಟವರು ಮುಟ್ಟುವುದಿಲ್ಲ, ಅವರ ಮಕ್ಕಳೂ ಮುಟ್ಟುವುದಿಲ್ಲ. ಹಡಗು ನಡೆಸುವವಳು ಒಬ್ಬ ಮುದುಕಿ. ಹಡಗಿನ ಮುಂದಿನ ಭಾಗದವರಿಗೂ ಹಿಂದಿನ ಭಾಗದವರಿಗೂ ನೀರಿನ ಜಗಳ. ನನಗೆ ನಕ್ಷತ್ರ ಗಿಕ್ಷತ್ರ ತಿಳಿಯುವುದಿಲ್ಲ, ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವಳು. ಆದರೆ ನಳ ವಾರಕ್ಕೊಮ್ಮೆ ಬಂದಾಗ ಓಣಿಯಲ್ಲಿ ಏನೇನಾಗುತ್ತದೆ ಎಂದು ಚೆನ್ನಾಗಿ ತಿಳಿಯುತ್ತದೆ. ಅದೇ ಅಲ್ಲಿಯೂ ಆಗುತ್ತಿತ್ತು.

ನಾವು ಜೈನರು, ಹೊತ್ತು ಮುಳುಗುವುದರೊಳಗೆ ಊಟ ಮುಗಿಸುವವರು. ಬೇರೆ ಮನೆಗಳಲ್ಲಿ ಏಳು ಗಂಟೆಗೆ ರೊಟ್ಟಿ ಬಡಿಯುವ ಸಪ್ಪಳ ಏಳುತ್ತದೆ. ನಮ್ಮಲ್ಲಿ ಆ ಹೊತ್ತಿಗೆ ಒಲೆ ಒರೆಸಿ, ಪಾತ್ರೆ ಬೋರಲು ಹಾಕಿ ಆಗಿರುತ್ತದೆ. ಆ ಅರ್ಧ ತಾಸು ನನ್ನದು. ಆದರೆ ಟಿವಿ ಮುಂದೆ ನಾನೊಬ್ಬಳೇ. ಸೊಸೆ ಅಡುಗೆಮನೆಯ ಕಟ್ಟೆಗೆ ಆತು ಮೊಬೈಲ್ ನೋಡುವಳು, ಮೊಮ್ಮಗಳು ಮಾಳಿಗೆಯ ಮೆಟ್ಟಿಲಲ್ಲಿ ಕೂತು ನೋಡುವಳು. ಮಗ ಆಟೋ ನಗರದ ತನ್ನ ವರ್ಕ್‌ಶಾಪಿನಿಂದ ಬಂದವನು ನಿಂತಲ್ಲೇ ಎರಡು ನಿಮಿಷ ನೋಡಿ ನನ್ನನ್ನು ಕೆಣಕುವನು.

"ಅವ್ವಾ, ಆ ಹಡಗದ ಬಾಡಿ ನೋಡು. ವೆಲ್ಡಿಂಗ ಬರೋಬರ್ ಇಲ್ಲ. ನಮ್ಮ ಆಟೋ ನಗರಕ್ಕ ತಂದಿದ್ರ ಎರಡ ದಿನದಾಗ ಜೋಡಿಸಿ ಕಳಸ್ತಿದ್ನಿ."

"ನೀ ಮೊದಲ ಆ ಟೆಂಪೋ ಜೋಡಿಸಿ ಕಳಸು. ಗಿರಾಕಿ ಬಂದು ಮನಿ ಬಾಗಲಾಗ ಒದರಿ ಹೋದ."

ಅವನು ಒಂದನೇ ನಂಬರು ಒತ್ತುತ್ತಲೂ ಇರಲಿಲ್ಲ.

ನನ್ನ ಜೊತೆ ನಿಜವಾಗಿ ಆ ಧಾರಾವಾಹಿ ನೋಡಿದವಳು ಖಾನಾಪುರದ ಆಚೆ ಗುಂಜಿಯಲ್ಲಿದ್ದಳು. ನನ್ನ ಬೀಗತಿ, ಅಂದರೆ ಸೊಸೆಯ ತಾಯಿ. ನಮ್ಮಿಬ್ಬರದು ಅಷ್ಟು ಸರಿಯಿರಲಿಲ್ಲ. ಮದುವೆಯಲ್ಲಿ ಆಕೆ ನನಗೆ ಉಡಿಸಿದ ಸೀರೆಯ ಬಣ್ಣ ಮೊದಲ ಒಗೆತಕ್ಕೇ ಬಿಟ್ಟಿತು. ನಾನು ಅದನ್ನು ನಾಲ್ಕು ಜನರ ಮುಂದೆ ಹೇಳಿದೆ. ಆಕೆ ಎರಡು ವರ್ಷ ಮಾತು ಬಿಟ್ಟಳು. ಮೊಮ್ಮಗಳು ಹುಟ್ಟಿದ ಮೇಲೆ ಮಾತು ಬಂತು, ಬಂದದ್ದು ಮಾತ್ರ ಆರಾಮ ಇದ್ದೀರೇನು, ಮಳೆ ಆತೇನು, ಇಷ್ಟೇ. ಇಪ್ಪತ್ತು ವರ್ಷ ಹಾಗೆಯೇ ನಡೆಯಿತು. ಹೋದ ಬೇಸಿಗೆಯಲ್ಲಿ ಆಕೆ ಕಣ್ಣು ತೋರಿಸಲು ಬೆಳಗಾವಿಗೆ ಬಂದು ನಮ್ಮಲ್ಲಿ ಎಂಟು ದಿನ ಇದ್ದಳು. ಏಳು ಗಂಟೆಗೆ ನನ್ನ ಪಕ್ಕ ಕೂತಳು. ಮೂರನೇ ದಿನ ತಾನೇ ರಿಮೋಟ್ ಎತ್ತಿ, ಮನೆಗೆ ಬಂದವರ ಬಟನ್ ಒತ್ತಿದಳು. ಊರಿಗೆ ಹೋದಮೇಲೆ ಏಳೂವರೆಗೆ ಸರಿಯಾಗಿ ಫೋನ್ ಬರತೊಡಗಿತು.

"ಅಕ್ಕಾರ, ಆ ಹಿಂದಿನ ಮಂದಿ ಪೈಪ್ ಒಡದದ್ದು ಖರೇ ಅಂತೀರೇನು?"

"ಅವರಲ್ಲ. ಮುಂದಿನವರ ಒಡದು ಅವರ ಮ್ಯಾಲ ಹಾಕ್ಯಾರ."

"ನೀವು ಯಾವಾಗಲೂ ಹಿಂದಿನವರ ಬಾಜೂನ ಹಿಡಿತೀರಿ."

"ನೀವು ಗುಂಜಿಯವರು. ಖಾನಾಪುರ ದಾಟಿ ಕಾಡಾಗ ಕುಂತೀರಿ. ಹಿಂದಿನವರ ಬಾಜೂ ನೀವ ಹಿಡೀಬೇಕು."

ಆಕೆ ನಗುವಳು. ಇಪ್ಪತ್ತು ವರ್ಷದಲ್ಲಿ ಆಕೆ ನಕ್ಕಿದ್ದನ್ನು ನಾನು ಕೇಳಿರಲಿಲ್ಲ.

ಅಷ್ಟರಲ್ಲಿ ಚಾತುರ್ಮಾಸ ಬಂತು. ನಮ್ಮ ಬಸದಿಗೆ ಬಂದಿದ್ದ ಮಾತಾಜಿ, ನಾಲ್ಕು ತಿಂಗಳು ನಿಮಗೆ ಬಹಳ ಇಷ್ಟವಾದದ್ದನ್ನು ಒಂದಾದರೂ ಬಿಡಿ ಎಂದರು. ಹೆಂಗಸರು ಒಬ್ಬೊಬ್ಬರಾಗಿ ಎದ್ದು ನೇಮ ಹಿಡಿದರು. ಒಬ್ಬಳು ಬೆಲ್ಲ ಬಿಟ್ಟಳು. ನಮ್ಮ ಎದುರು ಮನೆಯವಳು ಹೀರೇಕಾಯಿ ಬಿಟ್ಟಳು. ಅವಳು ಹೀರೇಕಾಯಿ ತಿಂದದ್ದನ್ನು ನಾನು ಯಾವತ್ತೂ ಕಂಡಿಲ್ಲ. ನನಗೆ ಸಿಟ್ಟು ಬಂತು. ಎದ್ದು ನಿಂತು ನಾಲ್ಕು ತಿಂಗಳು ಟಿವಿ ನೋಡುವುದಿಲ್ಲ ಎಂದೆ. ಭಕ್ತಿಗಿಂತ ಹೀರೇಕಾಯಿಯ ಸಿಟ್ಟೇ ಅದರಲ್ಲಿ ಹೆಚ್ಚಿತ್ತು.

ಮನೆಗೆ ಬಂದಮೇಲೆ ಏಳು ಗಂಟೆ ಹತ್ತಿರ ಬಂದಂತೆ ಕಾಲು ನಿಲ್ಲಲಿಲ್ಲ. ವಿಚಾರ ಮಾಡಿದೆ. ನೋಡುವುದಿಲ್ಲ ಎಂದಿದ್ದೆ, ಕೇಳುವುದಿಲ್ಲ ಎಂದಿರಲಿಲ್ಲ. ಟಿವಿ ಹಚ್ಚಿದೆ, ಗೋಡೆಯ ಕಡೆ ಮುಖ ಮಾಡಿ ಕೂತೆ, ಮಡಿಲಲ್ಲಿ ಬಿಡಿಸಲು ಶೇಂಗಾಕಾಯಿ ಇಟ್ಟುಕೊಂಡೆ.

ಸೊಸೆ ಅಡುಗೆಮನೆಯಿಂದಲೇ ಕೇಳಿದಳು. "ಅತ್ತಿಯಾರ, ಕಿವಿಗೆ ನೇಮ ಇಲ್ಲೇನ್ರಿ?"

"ಕಣ್ಣಿಗಷ್ಟ."

"ಮಾತಾಜಿಯಾರನ್ನ ಕೇಳಿ ಬರ್ಲೇನ್ರಿ?"

"ನೀ ಮೊದಲ ಆ ಮೊಬೈಲ್ ಕೆಳಗಿಟ್ಟು ಕೇಳಾಕ ಹೋಗು, ನೋಡೂಣು."

ನಾಲ್ಕನೇ ನಂಬರನ್ನು ನಾನು ಒತ್ತಲಿಲ್ಲ. ಅದು ನೋಡುವವರು ಒತ್ತುವುದು. ನಾನು ನೋಡುತ್ತಿರಲಿಲ್ಲ. ನೇಮ ಹಿಡಿದು ಕೂತವಳು ನೋಡುತ್ತಿದ್ದೇನೆ ಎಂದು ಒತ್ತಿದರೆ ಆ ನೇಮ ಯಾತಕ್ಕೆ? ಕೆಂಪು ದೀಪ ಮಿಟುಕಿ ಮಿಟುಕಿ ಅದರ ಬೆಳಕು ನನ್ನೆದುರಿನ ಗೋಡೆಯ ಮೇಲೆ ಬೀಳುತ್ತಿತ್ತು. ಎರಡನೇ ದಿನ ಪೆಟ್ಟಿಗೆಯ ಮೇಲೆ ಒಂದು ಒರೆಸುವ ಅರಿವೆ ಹೊದಿಸಿದೆ.

ಆ ನಾಲ್ಕು ತಿಂಗಳು ನನಗೆ ಕಾಣದ್ದನ್ನು ಬೀಗತಿ ಫೋನಿನಲ್ಲಿ ಹೇಳುತ್ತಿದ್ದಳು. ಆಕೆಯೂ ನೇಮ ಹಿಡಿದಿದ್ದಳು, ಮೊಸರು ಬಿಟ್ಟಿದ್ದಳು, ಟಿವಿ ಬಿಟ್ಟಿರಲಿಲ್ಲ. ಮುದುಕಿಯ ಕೂದಲು ಎಷ್ಟು ಬೆಳ್ಳಗಾಯಿತು, ಯಾರು ಯಾರ ಹಿಂದೆ ನಿಂತಿದ್ದರು, ಮದುವೆಯಲ್ಲಿ ಹೂವಿಲ್ಲದೆ ತಗಡಿನ ಚೂರು ಹೇಗೆ ಮುಡಿದರು, ಎಲ್ಲ. ಬಣ್ಣ ಹೇಳುವುದರಲ್ಲಿ ಆಕೆ ಗಟ್ಟಿಗಿತ್ತಿ. ಸೀರೆ ಆರಿಸುವಾಗ ಆ ಬುದ್ಧಿ ಎಲ್ಲಿ ಹೋಗಿತ್ತೋ.

ದೀಪಾವಳಿಗೆ ಐದು ದಿನ ಇರುವಾಗ ಧಾರಾವಾಹಿ ನಿಂತಿತು. ಆ ದಿನ ಹಡಗಿನ ಹೊರಗೆ ಏನೋ ಕೆಟ್ಟಿತ್ತು. ಹೋಗಲು ಯಾರೂ ಒಪ್ಪಲಿಲ್ಲ. ಮುದುಕಿ ತಾನೇ ದಪ್ಪ ಅಂಗಿ ತೊಟ್ಟು ಹಗ್ಗ ಹಿಡಿದು ಹೊರಗೆ ಇಳಿದಳು. ಹಿಂದಿನಿಂದ ಬಾಗಿಲು ಹಾಕಿದ ಸಪ್ಪಳ ನನಗೆ ಕೇಳಿತು. ಆಮೇಲೆ ಸಂಗೀತ. ಮುಂದಿನ ಕಥೆ ಆ್ಯಪ್‌ನಲ್ಲಿ ಮಾತ್ರ ಎಂದು ಕೆಳಗೆ ಅಕ್ಷರ ಬಂತಂತೆ. ಬೀಗತಿ ಓದಿ ಹೇಳಿದಳು.

"ಮುದಿಕಿನ್ನ ಹೊರಗ ಬಿಟ್ಟು ಬಾಗಲಾ ಹಾಕ್ಯಾರ ಅಕ್ಕಾರ. ಅಲ್ಲೇ ಬಿಟ್ಟಾರ. ನಾಳೆಯಿಂದ ಏಳಕ್ಕ ಕುಣ್ಯೂ ಕಾರ್ಯಕ್ರಮ ಅಂತ."

"ಆ್ಯಪ್‌ನ್ಯಾಗ ಐತಂತಲ್ಲ."

"ನಮ್ಮ ಮನಿಯಾಗ ಮಾತಾಡಾಕಷ್ಟ ರೇಂಜ್ ಬರತೈತಿ. ಚಿತ್ರ ಬರೂದಿಲ್ಲ. ನಿಮಗ ಬೇಕಾದ್ರ ನೀವು ನೋಡ್ರಿ." ಕೊನೆಯ ಮಾತನ್ನು ಹಳೆಯ ದನಿಯಲ್ಲಿ ಹೇಳಿದಳು, ಮಳೆ ಆತೇನು ಎಂದು ಕೇಳುತ್ತಿದ್ದ ದನಿ.

ನೇಮ ಮುಗಿದ ಮರುದಿನ ಮೊಮ್ಮಗಳು ತನ್ನ ಮೊಬೈಲ್ ನನ್ನ ಮುಂದೆ ಹಿಡಿದಳು. ಉಳಿದ ಹತ್ತೂ ಭಾಗ ಒಮ್ಮೆಲೇ ಅದರಲ್ಲಿದ್ದವು. ಅವಳು ಕಾಲೇಜಿನ ಬಸ್ಸಿನಲ್ಲಿ ಕೂತು ಎರಡೇ ದಿನದಲ್ಲಿ ಅಷ್ಟನ್ನೂ ಮುಗಿಸಿದ್ದಳು, ಅದೂ ಓಡಿಸಿಕೊಂಡು.

"ಓಡಸೂದಂದ್ರ?"

"ಜೋರಾಗಿ ಹಚ್ಚೂದು ಅಜ್ಜಿ. ಅವರು ಸಾವಕಾಶ ಮಾತಾಡ್ತಾರ, ಯಾರಿಗೆ ಟೈಮ್ ಐತಿ? ನಿನಗ ಅದೂ ಬ್ಯಾಡಂದ್ರ ಹತ್ತ ನಿಮಿಷದಾಗ ಪೂರಾ ಕಥಿ ಹೇಳೂ ವಿಡಿಯೋ ಐತಿ. ಇಲ್ಲಾಂದ್ರ ನಾನ ಹೇಳ್ತೇನಿ. ಮುದಿಕಿ ಏನಾತಂದ್ರ..."

"ಹೇಳಿದ್ರ ಕಾಲ ಮುರೀತೇನಿ."

ಒಂದು ನಿಮಿಷ ನೋಡಿದೆ. ಹಡಗು ಶೇಂಗಾ ಬೀಜದಷ್ಟು ಕಂಡಿತು. ಮೊಬೈಲ್ ತಿರುಗಿ ಕೊಟ್ಟೆ. ಮುಂದೆ ಇಂಥ ಕಥೆ ಟಿವಿಯಲ್ಲಿ ಬರುವುದೇ ಇಲ್ಲವೇನು ಎಂದು ಕೇಳಿದೆ. ಅವಳು ಸ್ವಲ್ಪ ವಿಚಾರ ಮಾಡಿ, ಬರುತ್ತವೆ, ಆದರೆ ಹತ್ತು ಭಾಗ ಮಾಡಿ ಎರಡು ವರ್ಷ ಬಿಡುತ್ತಾರೆ, ಜನ ಒಂದೇ ದಿನ ನೋಡಿ ಮುಗಿಸಿ ಮರೆಯುತ್ತಾರೆ, ಮರೆತರೆ ಮುಂದಿನದು ಮಾಡುವುದೇ ಇಲ್ಲ ಎಂದಳು. ಸಣ್ಣವಳಾದರೂ ಅವಳು ಹೇಳಿದ್ದು ಸರಿಯಾಗಿತ್ತು. ಮೂರು ತಲೆಮಾರು ನಡೆಯುವ ಹಡಗು. ಅದನ್ನು ಬಸ್ಸು ಇಳಿಯುವುದರೊಳಗೆ ಮುಟ್ಟಿಸಿದರೆ ಹಡಗಿನೊಳಗಿನವರು ಕಾದದ್ದು ನೋಡುವವರಿಗೆ ಹೇಗೆ ತಿಳಿಯಬೇಕು? ನಮ್ಮಂಥವರು ಇವತ್ತು ನೋಡಿ, ನಾಳೆ ಏಳರ ತನಕ ರೊಟ್ಟಿ ತಟ್ಟುತ್ತ, ಬಟ್ಟೆ ಒಣಹಾಕುತ್ತ ಅದನ್ನು ತಲೆಯಲ್ಲಿ ಹೊತ್ತು ತಿರುಗಿದೆವು. ಕಥೆಯ ಅರ್ಧ ಅಲ್ಲಿ ನಡೆಯುತ್ತಿತ್ತು.

ಅದಾಗಿ ಒಂದು ವಾರಕ್ಕೆ ಪೆಟ್ಟಿಗೆ ನೋಡಿಕೊಳ್ಳುವ ಮನುಷ್ಯ ಬಂದ. ಐವತ್ತರ ಹತ್ತಿರದವ, ಮೊದಲೂ ಬರುತ್ತಿದ್ದವ. ಪೆಟ್ಟಿಗೆಯ ಮೇಲಿನ ಅರಿವೆ ತೆಗೆದು ನನ್ನ ಮುಖ ನೋಡಿದ.

"ಅಜ್ಜಿ, ನೀವು ಊರಾಗ ಇದ್ದಿದ್ದಿಲ್ಲೇನ್ರಿ?"

"ಎಲ್ಲಿ ಹೋಗ್ಲಿ? ಇಲ್ಲೇ ಇದ್ನಿ."

"ನಾಕನೇ ನಂಬರ ನಾಕ ತಿಂಗಳ ಬಂದೇ ಇಲ್ಲರಿ. ಟಿವಿ ಮಾತ್ರ ದಿನಾ ಏಳಕ್ಕ ಚಾಲೂ, ಏಳೂವರಿಗೆ ಬಂದ್. ಖೋಲಿಯಾಗ ಯಾರೂ ಇಲ್ಲ. ದೆವ್ವ ನೋಡಾಕತ್ತಿತ್ತೇನ್ರಿ?"

"ದೆವ್ವ ಅಲ್ಲ. ನಾನ ಗ್ವಾಡಿ ಕಡೆ ಮಾರಿ ಮಾಡಿ ಕೇಳಾಕತ್ತಿದ್ನಿ."

ನೇಮದ ವಿಷಯ ಹೇಳಿದೆ. ಅವನು ನಗಲಿಲ್ಲ, ಕಿವಿ ತುರಿಸಿಕೊಂಡ. "ಖೋಲಿಯಾಗ ಕುಂತು ಕೇಳಿದ್ರೂ ಒತ್ತಬೇಕ್ರಿ ಅಜ್ಜಿ. ಹಚ್ಚೂ ದಿನ ಹೇಳಿದ್ನೆಲ್ಲ."

"ನನಗ ಹೇಳಿಲ್ಲ. ನನ್ನ ಮಗಗ ಹೇಳಿರಬೇಕು. ಅವಂಗ ಹೇಳೂದೂ ಒಂದ, ಆ ಟೆಂಪೋಕ್ಕ ಹೇಳೂದೂ ಒಂದ. ಇರ್ಲಿ, ನಂದೊಂದ ಬಟನ್‌ನಿಂದ ಏನಾಕ್ಕೈತಿ?"

"ಎಲ್ಲಾರ ಮನ್ಯಾಗ ಪೆಟಗಿ ಇರೂದಿಲ್ಲಲ್ರಿ. ಒಂದ ಪೆಟಗಿ ಎಷ್ಟೋ ಮನಿ ಪರವಾಗಿ ಮಾತಾಡ್ತೈತಿ. ನೀವು ಸುಮ್ನ ಕುಂತ್ರ ಅವರೆಲ್ಲಾ ಸುಮ್ನ ಕುಂತಂಗ."

"ಗುಂಜಿಯಾಗ ಒಬ್ಬಾಕಿ ಒಂದ ದಿನಾ ಬಿಡದಂಗ ನೋಡ್ಯಾಳ."

"ಅಲ್ಲಿ ಪೆಟಗಿ ಐತೇನ್ರಿ?"

"ಇಲ್ಲ."

"ಮತ್ತ ನೋಡಿದಂಗಲ್ಲರಿ."

ಆ ಮಾತು ನನಗೆ ನಾಟಿತು. ಪೆಟ್ಟಿಗೆ ಇದ್ದವಳು ಗೋಡೆ ನೋಡಿದೆ. ಟಿವಿ ನೋಡಿದವಳಿಗೆ ಪೆಟ್ಟಿಗೆ ಇರಲಿಲ್ಲ. ಹಾಗಾದರೆ ಇದನ್ನು ಬಿಚ್ಚು, ಗುಂಜಿಗೆ ಒಯ್ದು ಹಚ್ಚು ಎಂದೆ. ಅದು ತನ್ನ ಕೈಯಲ್ಲಿಲ್ಲ ಎಂದ. ಹೊರಡುವಾಗ, "ನಿಮ್ಮೊಬ್ಬರಿಂದ ನಿಂತಿಲ್ಲ ಬಿಡ್ರಿ ಅಜ್ಜಿ, ಇಂಥಾ ದೊಡ್ಡ ಕಥಿ ಎಲ್ಲಾ ಆ್ಯಪಿಗೆ ಹೊಂಟಾವ" ಎಂದು ಸಮಾಧಾನ ಹೇಳಿದ. ಸಮಾಧಾನ ತೆಗೆದುಕೊಂಡು ನಾನೇನು ಮಾಡಲಿ? ನಾಲ್ಕು ತಿಂಗಳು ನನಗಾಗಿ ಕಣ್ಣು ಸವೆಸಿದವಳು ಒಬ್ಬಳಿದ್ದಳು, ಮುದುಕಿ ಒಳಗೆ ಬಂದಳೋ ಇಲ್ಲವೋ ಎಂದು ಆಕೆಗೆ ಗೊತ್ತಿರಲಿಲ್ಲ.

ಅಂದೇ ಸಂಜೆ ಏಳೂವರೆಗೆ ನಾನೇ ಫೋನ್ ಮಾಡಿದೆ. ಹೇಳದೆ ಇರಬಹುದಿತ್ತು. ಆಕೆ ಚಾನೆಲ್ಲಿನವರನ್ನು ಬೈದುಕೊಂಡು ಇರುತ್ತಿದ್ದಳು. ಆದರೆ ನಾನು ಮಾಡಿದ್ದಕ್ಕೆ ಇನ್ನೊಬ್ಬರು ಬೈಸಿಕೊಳ್ಳುವುದು ನನಗೆ ಆಗಿಬರುವುದಿಲ್ಲ. ಬಟನ್, ಅರಿವೆ, ದೀಪ, ಎಲ್ಲ ಹೇಳಿದೆ. ಫೋನಿನಲ್ಲಿ ಅವರ ಮನೆಯ ನಾಯಿ ಬೊಗಳುವುದು ಕೇಳುತ್ತಿತ್ತು.

"ಅಂದ್ರ ನಾ ದಿನಾ ನೋಡಿದ್ದು ಎಲ್ಲೂ ಲೆಕ್ಕಕ್ಕ ಹತ್ತಿಲ್ಲ," ಎಂದಳು.

"ಇಲ್ಲ."

"ನೀವು ಒಂದ ಬೆರಳ ಅಲಗಾಡಿಸಿದ್ರ ಹತ್ತತಿತ್ತು."

"ಹತ್ತತಿತ್ತು."

"ಸೀರಿ ಬಣ್ಣ ಬಿಟ್ರ ನಾಕ ಮಂದಿ ಮುಂದ ಹೇಳಾಕ ಬರತೈತಿ ನಿಮಗ. ಬಟನ್ ಒತ್ತಾಕ ಬರೂದಿಲ್ಲ."

ಫೋನ್ ಇಟ್ಟಳು. ಮತ್ತೆ ಮಾಡಿದೆ, ಎತ್ತಲಿಲ್ಲ. ಸೊಸೆ ಮಾಡಿದಳು, ತಾಯಿ ಮಗಳ ಜೊತೆ ಆರಾಮವಾಗಿ ಮಾತಾಡಿದಳು, ಅತ್ತೆಗೆ ಕೊಡಲೇ ಎಂದರೆ ಬೇಡ ಅಂದಳಂತೆ.

"ನಮ್ಮವ್ವ ಮಾತು ಬಿಟ್ಟಳಂದ್ರ ವರ್ಷಗಟ್ಲೆ ಬಿಡ್ತಾಳ್ರಿ ಅತ್ತಿ," ಎಂದಳು ಸೊಸೆ. "ನಿಮಗ ಗೊತ್ತೈತಲ್ಲ."

ಗೊತ್ತಿತ್ತು. ಹಿಂದೆ ಎರಡು ವರ್ಷ ಬಿಟ್ಟಾಗ ನಮಗೆ ಐವತ್ತರ ಆಸುಪಾಸು. ಈಗ ಇಬ್ಬರಿಗೂ ಎಪ್ಪತ್ತು ದಾಟಿದೆ. ಎರಡು ವರ್ಷ ಕೊಡುವಷ್ಟು ನನ್ನ ಹತ್ತಿರ ಇಲ್ಲ, ಆಕೆಯ ಹತ್ತಿರವೂ ಇಲ್ಲ.

ಮೊಮ್ಮಗಳನ್ನು ಕರೆದೆ. ನೆಟ್ ಇಲ್ಲದ ಊರಿನಲ್ಲಿ ಆ ಹಡಗು ತೋರಿಸಲು ದಾರಿ ಇದೆಯೇ ಎಂದು ಕೇಳಿದೆ. ಇಲ್ಲಿಯೇ ಮೊಬೈಲಿಗೆ ಇಳಿಸಿಕೊಂಡು ಹೋಗಬಹುದು, ಒಂದು ಕೇಬಲ್ ಇದ್ದರೆ ಅವರ ಟಿವಿಯಲ್ಲೇ ದೊಡ್ಡದಾಗಿ ಕಾಣುತ್ತದೆ, ಆದರೆ ಇಳಿಸಿದ್ದು ಎರಡು ದಿನಕ್ಕೆ ತಾನೇ ಅಳಿಸಿಹೋಗುತ್ತದೆ ಎಂದಳು. ತನ್ನ ಹಳೆಯ ಮೊಬೈಲ್ ತಂದಳು.

"ಹತ್ತೂ ಹಾಕಿ ಕೊಡ್ತೇನಿ ಅಜ್ಜಿ. ಕುಂತು ಒಮ್ಮೆ ಮುಗಿಸಿಬಿಡ್ರಿ."

"ಒಂದ ಹಾಕು."

"ಒಂದ್ಯಾಕ? ಮುಂದಿಂದು?"

"ಮುಂದಿನ ವಾರ ಮುಂದಿಂದು ಹಾಕಿ ಕೊಡಾಕಿ ನೀನ."

"ಹತ್ತ ವಾರ ಗುಂಜಿಗೆ ಹೋಗ್ತೀಯೇನ?"

"ಹೋಗ್ತೇನಿ."

ಅವಳು ಒಂದೇ ಭಾಗ ಇಳಿಸಿದಳು. ಟಿವಿಯ ಹಿಂದೆ ಕೇಬಲ್ ಸಿಗಿಸುವುದನ್ನು ನಾಲ್ಕು ಸಲ ನನ್ನ ಕೈಯಿಂದಲೇ ಮಾಡಿಸಿದಳು. ಮಗ, "ರವಿವಾರ ನಾನ ಕಾರಿನ್ಯಾಗ ಬಿಟ್ಟು ಬರ್ತೇನಿ, ತಡಿ" ಎಂದ. ರವಿವಾರಕ್ಕೆ ಇನ್ನೂ ಐದು ದಿನ ಇತ್ತು. ಅವನ ರವಿವಾರ ಯಾವ ವಾರ ಬರುತ್ತದೆ ಎಂದು ಆ ಟೆಂಪೋದವನನ್ನು ಕೇಳಬೇಕು.

ಮರುದಿನ ಬೆಳಿಗ್ಗೆ ಬಸದಿಗೆ ಹೋಗಿ ಬಂದು, ಎರಡು ರೊಟ್ಟಿ ತಿಂದು, ಮೊಬೈಲ್ ಕೇಬಲ್ ಎರಡನ್ನೂ ಒಂದು ಟವೆಲ್ಲಿನಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡು ಸ್ಟೇಷನ್ನಿಗೆ ಹೋದೆ. ಪ್ಯಾಸೆಂಜರ್ ಗಾಡಿ ಖಾನಾಪುರದಲ್ಲಿ ಅರ್ಧ ಖಾಲಿಯಾಯಿತು. ಗುಂಜಿಯಲ್ಲಿ ಇಳಿದವರು ನಾನು ಮತ್ತು ಕೋಳಿ ಬುಟ್ಟಿಯ ಒಬ್ಬ ಹೆಂಗಸು. ಅಲ್ಲಿಂದ ಅವರ ಮನೆಗೆ ನಡೆದೇ ಹೋದೆ.

ಬೀಗತಿ ಅಂಗಳದಲ್ಲಿ ಭತ್ತ ಹರವುತ್ತಿದ್ದಳು. ನನ್ನನ್ನು ಕಂಡರೂ ಕಾಲಿನಿಂದ ಹರವುವುದನ್ನು ನಿಲ್ಲಿಸಲಿಲ್ಲ.

"ಬಟನ್ ಒತ್ತಾಕ ಬಂದೀರೇನು?"

"ಇಲ್ಲ. ಮುದಿಕಿ ಒಳಗ ಬಂದಳೋ ಇಲ್ಲೋ ನೋಡಾಕ ಬಂದೇನಿ."

"ನಿಮಗೇನ, ಮೊಬೈಲ್‌ನ್ಯಾಗ ನೋಡಿ ಮುಗಿಸಿರಬೇಕು."

"ನೋಡಿಲ್ಲ."

"ಮೊಮ್ಮಗಳು ಹೇಳಿರಬೇಕು."

"ಹೇಳಾಕ ಬಂದಳು. ಕಾಲ ಮುರೀತೇನಂದೆ."

ಆಕೆ ಭತ್ತದಲ್ಲೇ ನಿಂತಳು. "ಅಗ್ಗಬಾಯಿ. ಇಷ್ಟ ದಿನಾ ತಡಕೊಂಡು ಕುಂತಿದ್ರಿ?"

"ಒಂದ ಭಾಗ ತಂದೇನಿ. ಒಂದ. ಮುಂದಿಂದು ಮುಂದಿನ ವಾರ."

"ಇದು ಭಾಳ ಆತು. ಹತ್ತೂ ಕೈಯಾಗ ಇದ್ದಾಗ ಒಂದ ತರತಾರೇನ ಯಾರಾರ?"

"ನಾ ತರತೇನಿ. ಬ್ಯಾಡಂದ್ರ ಹೇಳ್ರಿ, ಹತ್ತೂವರಿ ಗಾಡಿಗೆ ಹೊಕ್ಕೇನಿ."

ಆಕೆ ಕಾಲಿಗೆ ಅಂಟಿದ ಕಾಳು ಜಾಡಿಸಿ ಒಳಗೆ ಹೋದಳು. ಹೋಗು ಎನ್ನಲಿಲ್ಲ, ಕುಂದರ್ರಿ ಎಂದೂ ಅನ್ನಲಿಲ್ಲ. ನಾನೂ ಹಿಂದೆಯೇ ಹೋದೆ. ಟಿವಿಯ ಹಿಂದೆ ಬಗ್ಗಿ ಕೇಬಲ್ ಸಿಗಿಸಿದೆ. ತಪ್ಪು ಕಿಂಡಿ. ತೆಗೆದು ಪಕ್ಕದ್ದಕ್ಕೆ ಸಿಗಿಸಿದೆ. ಹಿಂದಿನಿಂದ ಆಕೆ ಚಾಪೆ ಹಾಸಿದ ಸಪ್ಪಳ ಕೇಳಿತು.